ದೀಪ ಆರುವ ತನಕ ಓಡಿಸಿ

ಹೊನವಾಡ
3 ಮಾರ್ಚ್ 2025

ಗೌತಮ,

ನಮ್ಮವ್ವ ಬೋರವ್ವನ ಹೆಸರಿಗೆ ಟಿಕೋಟಾ ಠಾಣೆಯಿಂದ ನೋಟಿಸು ಬಂದಿದೆ. ಬೀಟಿನ ಪೊಲೀಸರು ಇವತ್ತು ಬೆಳಿಗ್ಗೆ ತಂದುಕೊಟ್ಟು, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಸಾರ್ವಜನಿಕ ರಸ್ತೆಯ ಮೇಲೆ ಕಡಲೆ ಹರಡಿ, ಒಂದು ಕಾರು ಸುಟ್ಟುಹೋಗಲು ಕಾರಣಳಾದ ಬಗ್ಗೆ ಬರುವ ಸೋಮವಾರ ಹಾಜರಾಗಬೇಕಂತೆ. ಹೊಲ ಬೋರವ್ವನ ಹೆಸರಿನಲ್ಲಿದೆ, ಆದ್ದರಿಂದ ತಪ್ಪಿತಸ್ಥಳೂ ಬೋರವ್ವನೇ. ಹೇಳಿಕೆ ಕೊಟ್ಟವನು ನೀನು.

ಆ ಹೇಳಿಕೆಯನ್ನು ಪೊಲೀಸರು ನನಗೆ ಓದಿ ತೋರಿಸಿದರು. "ನಾನು ಟಿಕೋಟಾ ಕಡೆಯಿಂದ ಹಾದು ಹೋಗುತ್ತಿದ್ದಾಗ" ಎಂದು ಅದು ಶುರುವಾಗುತ್ತದೆ.

ಫೋನಿನಲ್ಲಾದರೆ ನಾನು ಬೈದುಬಿಡುತ್ತೇನೆ, ನೀನು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಖಜಾನೆ ಕಚೇರಿಯ ಕೆಲಸ ಹಿಡಿದು ವಿಜಯಪುರಕ್ಕೆ ಹೋದಾಗಿನಿಂದ ನಮ್ಮ ಕಾಗದಗಳು ಪೇಪರ್ ಕಟ್ಟಿನ ಜೊತೆ ಬಸ್ಸಿನಲ್ಲೇ ಓಡಾಡಿವೆ. ಇದೂ ಹಾಗೇ ಬರುತ್ತದೆ.

ನಾನು ಊರಿಗೆ ಪೇಪರ್ ಹಂಚುವವನು, ಆಗೀಗ ಊರ ಸುದ್ದಿ ಬರೆದು ಕಳಿಸುವವನು. ಅವತ್ತು ನಡೆದದ್ದನ್ನು ಸುದ್ದಿಯ ಹಾಗೇ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಫೆಬ್ರುವರಿ 16, ಭಾನುವಾರ. ನಮ್ಮ ಹೊಲದ ಮುಂದಿನ ಡಾಂಬರು ರಸ್ತೆಯ ಮೇಲೆ ಒಕ್ಕಲು ಒಣ ಕಡಲೆ ಗಿಡ ಹರಡಿತ್ತು. ನೀನು ಕಾರಿನಲ್ಲಿ ಬಂದೆ. ಅವ್ವ ಕೈ ಮಾಡಿದಳು. ನೀನು ಮುಂದಿನ ಬಾಗಿಲು ತೆಗೆದು ಅವಳನ್ನು ಕೂರಿಸಿಕೊಂಡೆ. ಕಡಲೆಯ ಮೇಲೆ ಆ ತುದಿಗೆ ಹೋದೆ, ತಿರುಗಿಸಿಕೊಂಡು ಈ ತುದಿಗೆ ಬಂದೆ, ಮತ್ತೆ ಹೋದೆ. ಕಾರು ಕೊಂಡ ವರ್ಷದಿಂದ ಪ್ರತಿ ರಾಶಿಯಲ್ಲೂ ನೀನು ಮಾಡಿದ್ದು ಇದೇ. ಎತ್ತುಗಳು ಕಣದಲ್ಲಿ ಸುತ್ತುವಾಗ ಹೇಳುತ್ತಿದ್ದ ಹಂತಿ ಹಾಡನ್ನು ಅವ್ವ ನಿನ್ನ ಕಾರಿನಲ್ಲಿ ಕೂತು ಹೇಳುತ್ತಿದ್ದಳು. ನಾನು ಬದಿಯಲ್ಲಿ ನಿಂತು ಕಡಲೆ ತಿರುವಿ ಹಾಕುತ್ತಿದ್ದೆ. ಆಮೇಲೆ ಕಾರಿನ ಕೆಳಗೆ ಹೊಗೆ ಕಾಣಿಸಿತು. ನೀನು ಅವ್ವನನ್ನು ಎಳೆದುಕೊಂಡು ಇಳಿದೆ. ಅವಳು ಕೈ ಬಿಡಿಸಿಕೊಂಡು, ಕೋಲು ಹಿಡಿದು, ಸುತ್ತಲಿನ ಕಡಲೆಯನ್ನು ಕಾರಿನಿಂದ ಎಳೆದುಹಾಕಲು ಹೋಗಿ ಹಿಮ್ಮಡಿ ಸುಟ್ಟುಕೊಂಡಳು. ಟಿಕೋಟಾದಿಂದ ನೀರಿನ ಟ್ಯಾಂಕರ್ ಬರುವಷ್ಟರಲ್ಲಿ ಕಾರೂ ಉಳಿದಿರಲಿಲ್ಲ, ಅರ್ಧ ರಾಶಿಯೂ ಉಳಿದಿರಲಿಲ್ಲ.

ಹಾದು ಹೋಗುವವನು ಒಂದೇ ಜಾಗದಲ್ಲಿ ಎಂಟು ಸಲ ಹಾದು ಹೋಗುತ್ತಾನೇನು?

ಮರುದಿನ ಪೇಪರಿನಲ್ಲಿ ಸುದ್ದಿ ಬಂತು. ನಾನು ಒಂದು ಸಾಲೂ ಕಳಿಸಿರಲಿಲ್ಲ. ಬೇರೆ ಯಾರೋ ಬರೆದದ್ದನ್ನು ನಾನೇ ಮನೆಮನೆಗೆ ಹಾಕಿ ಬಂದೆ.

ಸೋಮವಾರದೊಳಗೆ ಠಾಣೆಗೆ ಹೋಗಿ ನಿನ್ನ ಹೇಳಿಕೆ ತಿದ್ದು. ಆ ಮುದುಕಿಯ ಹಿಮ್ಮಡಿ ಇನ್ನೂ ಮಾಗಿಲ್ಲ.

ಸಿದ್ದರಾಯ


ವಿಜಯಪುರ
6 ಮಾರ್ಚ್ 2025

ಸಿದ್ದರಾಯ,

ನಿನ್ನ ಸುದ್ದಿಯಲ್ಲಿ ತಪ್ಪಿಲ್ಲ. ಬಿಟ್ಟುಹೋದದ್ದು ಬಹಳ ಇದೆ.

ರಸ್ತೆಯ ಮೇಲೆ ಒಕ್ಕಣೆ ಮಾಡಬೇಡಿ ಎಂದು ಪ್ರತಿ ವರ್ಷ ಹೇಳುತ್ತಾರೆ. ಹೋದ ವರ್ಷ ಸಜ್ಜೆಯ ಮೇಲೆ ಬೈಕು ಜಾರಿ ಒಬ್ಬನ ಕಾಲು ಮುರಿದಾಗ, "ರೈತರು ಎಚ್ಚೆತ್ತುಕೊಳ್ಳಲಿ" ಎಂದು ಸುದ್ದಿ ಬರೆದವನು ನೀನೇ. ನಿಮಗೆ ಕಣ ಇತ್ತು. ಅದರ ಮೇಲೆ ಒಣದ್ರಾಕ್ಷಿಯ ಶೆಡ್ ಹಾಕಿದವನೂ ನೀನೇ. ದ್ರಾಕ್ಷಿಗೆ ನೆರಳು, ಕಡಲೆಗೆ ಸರ್ಕಾರದ ರಸ್ತೆ. ಇದನ್ನು ಯಾಕೆ ಬರೆಯಲಿಲ್ಲ?

ವಿಮೆಯ ಏಜೆಂಟ್ ಶಿವಾಜಿ ಅವತ್ತೇ ಸಂಜೆ ಬಂದಿದ್ದ. ಒಕ್ಕಣೆ ಅಂದರೆ ಒಂದು ಪೈಸೆಯೂ ಬರುವುದಿಲ್ಲ, ಹಾದು ಹೋಗುತ್ತಿದ್ದೆ ಅನ್ನಿ ಎಂದ. ಹೊಲ ಯಾರದು ಎಂದು ಠಾಣೆಯಲ್ಲಿ ಕೇಳಿದರು, ಬೋರವ್ವನದು ಅಂದೆ. ಅವಳ ಹೆಸರಿಗೆ ನೋಟಿಸು ಹೊರಡುತ್ತದೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಈಗ ಕಾರಿನ ವಿಷಯ. ಇದನ್ನು ನಿನಗೆ ಹೇಳಿರಲಿಲ್ಲ.

ಹೋದ ಅಕ್ಟೋಬರಿನಲ್ಲಿ ಕಂಪನಿಯಿಂದ ಕರೆ ಬಂತು. ನನ್ನ ಮಾದರಿಯ ಡೀಸೆಲ್ ಕಾರುಗಳು ಅಳತೆ ಮೀರಿ ಹೊಗೆ ಬಿಡುತ್ತಿವೆ, ಬಂದು ಸರಿಮಾಡಿಸಿಕೊಳ್ಳಿ, ಖರ್ಚಿಲ್ಲ ಎಂದರು. ಮೇಘಾಳಿಗೆ ಚಳಿಗಾಲದಲ್ಲಿ ಉಬ್ಬಸ ಬರುವುದು ನಿನಗೆ ಗೊತ್ತಿದೆ. ಮಗಳ ಎದೆಗೆ ನನ್ನ ಕಾರಿನ ಹೊಗೆ ಬೇಡ ಎಂದು ಮೊದಲ ದಿನವೇ ಒಯ್ದೆ. ಇಂಜಿನ್ನಿನ ಕಂಪ್ಯೂಟರ್ ಬದಲಿಸಿ ಸಂಜೆಗೆ ಕೊಟ್ಟರು.

ಅಲ್ಲಿಂದ ಅದು ನನ್ನ ಕಾರಾಗಿ ಉಳಿಯಲಿಲ್ಲ. ಎತ್ತರ ಏರುವಾಗ ಎಳೆಯುತ್ತಿರಲಿಲ್ಲ. ಡೀಸೆಲ್ ಹೆಚ್ಚು ಕುಡಿಯತೊಡಗಿತು. ವಾರವಾರ ಒಂದು ಹಳದಿ ದೀಪ ಹತ್ತತೊಡಗಿತು. ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಫಿಲ್ಟರ್ ಕೆಳಗೆ ಇರುತ್ತದೆ. ಅದು ತುಂಬಿದಾಗ ಕಾರು ತಾನೇ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಓಡಿಸುವವನ ಕಾರಿನಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸರ್ವಿಸ್ ಸೆಂಟರಿಗೆ ನಾಲ್ಕು ಸಲ ಹೋದೆ. ನಾಲ್ಕೂ ಸಲ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: "ದೀಪ ಹತ್ತಿದ್ರ ನಿಲ್ಲಿಸಬ್ಯಾಡ್ರಿ ಸರ್. ಆರೂತನಕ ಓಡಸ್ತಾನ ಇರ್ರಿ."

ಬಬಲೇಶ್ವರದಲ್ಲಿ ದಶರಥನ ಗ್ಯಾರೇಜಿಗೂ ತೋರಿಸಿದೆ. ಆ ಫಿಲ್ಟರ್ ಡಬ್ಬಿ ಕಿತ್ತು ಒಗೆಯುತ್ತೇನೆ, ಕಾರು ಮೊದಲಿನ ಹಾಗೆ ಹಾರುತ್ತದೆ ಎಂದ. ಬೇಡ ಅಂದೆ. ಹೊಗೆ ಕಡಿಮೆಯಾಗಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ, ಆಗಲೂ ಇರಲಿಲ್ಲ. ಆದರೆ ವಾರಕ್ಕೊಮ್ಮೆಯಾದರೂ ಕಾರನ್ನು ನಿಲ್ಲಿಸದೆ ಓಡಿಸಲು ಒಂದು ಉದ್ದನೆಯ ರಸ್ತೆ ಬೇಕಿತ್ತು. ಭಾನುವಾರ ಹೊನವಾಡದ ರಸ್ತೆ ಖಾಲಿ ಇರುತ್ತದೆ.

ಅವತ್ತು ಊರು ಮುಟ್ಟಿದರೂ ದೀಪ ಆರಿರಲಿಲ್ಲ. ನಿಲ್ಲಿಸುವ ಹಾಗಿಲ್ಲ. ಮುಂದೆ ನಿಮ್ಮ ಕಡಲೆ. ಎರಡೂ ಕೆಲಸ ಒಟ್ಟಿಗೆ ಆಗಲಿ ಅಂದುಕೊಂಡು ಸುತ್ತು ಹಾಕಿದೆ. ಮಸಿ ಸುಡುವಾಗ ಕೆಳಗಿನ ಕೊಳವೆ ಒಲೆಯಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಮಾತು. ಶಿವಾಜಿ ಹೇಳಿದ್ದಕ್ಕೇ ನಾನು "ಹಾದು ಹೋಗುತ್ತಿದ್ದೆ" ಅಂದೆ ಎಂದು ತಿಳಿಯಬೇಡ. ನಮ್ಮ ಅಜ್ಜ ಭಾಗಪ್ಪ ನಿಮ್ಮ ಕಣದಲ್ಲಿ ಹಂತಿ ಹೊಡೆದು ಸವೆದವನು. ಅವನಿಗೆ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಎರಡು ವರ್ಷದ ಹಿಂದೆ ನಾನು ನಿಮ್ಮ ಕಡಲೆಯ ಮೇಲೆ ಸುತ್ತು ಹಾಕುವಾಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಏನಂದ, ನೆನಪಿದೆಯೇ? "ಭಾಗಪ್ಪನ ಮೊಮ್ಮಗ ಈಗ ಎ.ಸಿ. ಹಾಕ್ಕೊಂಡ ಹಂತಿ ಹೊಡ್ಯಾಕತ್ತಾನ ನೋಡ್ರಲೇ." ಎಲ್ಲರೂ ನಕ್ಕರು. ನೀನೂ ನಕ್ಕೆ. ಅಜ್ಜನಿಗೆ ಕಾಳಿನ ಪಾಲಾದರೂ ಇತ್ತು. ಠಾಣೆಯ ಕಾಗದದಲ್ಲಿ, ನನ್ನ ಹೆಸರಿನ ಕೆಳಗೆ, ಅವರ ರಾಶಿ ಮಾಡುತ್ತಿದ್ದೆ ಎಂದು ಬರೆಸಲು ನನಗೆ ಬಾಯಿ ಬರಲಿಲ್ಲ.

ಗೌತಮ


ಹೊನವಾಡ
11 ಮಾರ್ಚ್ 2025

ಗೌತಮ,

ಅವ್ವ ನಿನ್ನೆ ಠಾಣೆಗೆ ಹೋಗಿ ಬಂದಳು. ನಾನೇ ಕರೆದೊಯ್ದಿದ್ದೆ. ಅವಳು ಕೊಟ್ಟ ಹೇಳಿಕೆ ಹೀಗಿದೆ: "ಹೌದ್ರಿ ಸಾಹೇಬ್ರ, ಅಂವ ತನ್ನ ಪಾಡಿಗೆ ಹಾದ ಹೊಂಟಿದ್ದ. ಕಡ್ಲಿ ಹಾಕಿದ್ದು ನಂದ ತಪ್ಪ."

ಹಿಂದಿನ ರಾತ್ರಿ ಅವಳಿಗೆ ಸರಿಯಾಗಿ ಹೇಳಿಕೊಟ್ಟು ಕರೆದೊಯ್ದಿದ್ದೆ. ಹೊರಗೆ ಬಂದ ಮೇಲೆ ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. "ಹಂಗಂದ್ರ ಅಂವಗ ಕಾರ್ ಬರತೈತಂತಲ್ಲೋ" ಅಂದಳು. ನಿನ್ನ ಕಾಗದವನ್ನು ನಾನೇ ಓದಿ ಹೇಳಿದ್ದರ ಫಲ ಇದು. ಈಗ ಕೋರ್ಟಿಗೆ ಹೋಗಬೇಕಾಗಬಹುದು ಎಂದು ಪೊಲೀಸರು ಹೇಳಿದ್ದಾರೆ. ಅವಳು ತನ್ನ ಜೀವಮಾನದಲ್ಲಿ ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ. ಹತ್ತಿದ ದಿನವೇ ಸುಳ್ಳು ಹೇಳಿದಳು, ಅದೂ ನಿನಗಾಗಿ.

ಹಳದಿ ದೀಪದ ವಿಷಯ ನಮಗೆ ಮೊದಲೇ ಗೊತ್ತು. ಅದೇನು ಎಂದು ಅವ್ವ ಕಾರಿನಲ್ಲಿ ಕೇಳಿದ್ದಳಂತೆ. ನೀನು "ಓಡಸ್ತಾನ ಇರು ಅಂತೈತಿ ಬೇ" ಅಂದೆಯಂತೆ. ನಮಗೆ ಗೊತ್ತಿಲ್ಲದಿದ್ದದ್ದು ಬೇರೆ. ದೀಪಾವಳಿಯಿಂದ ಈಚೆ ನೀನು ಭಾನುವಾರ ತಪ್ಪಿಸಲಿಲ್ಲ. ಅದಕ್ಕೆ ಮೊದಲು ಹಬ್ಬಕ್ಕೊಮ್ಮೆ, ರಾಶಿಗೊಮ್ಮೆ ಬರುತ್ತಿದ್ದವನು. ಅವ್ವ ಶನಿವಾರವೇ ಹೋಳಿಗೆಗೆ ಶೇಂಗಾ ಹುರಿದು ಇಡುತ್ತಿದ್ದಳು. "ವಯಸ್ಸಾದಂಗ ಅಂವಗ ಊರ ಸೆಳ್ಯಾಕತ್ತೈತಿ" ಅನ್ನುತ್ತಿದ್ದಳು. ನಾನೂ ಹಾಗೇ ತಿಳಿದೆ. ಊರು ಸೆಳೆದಿರಲಿಲ್ಲ. ಫಿಲ್ಟರ್ ತುಂಬಿತ್ತು.

ಕಾಗದದ ಆ ಭಾಗವನ್ನು ಅವಳಿಗೆ ಓದಿ ಹೇಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಾನು ನಕ್ಕೆ. ಹೌದು. ಆದರೆ ನನ್ನ ನಗುವಿಗೆ ನನ್ನ ಮೇಲೆ ಕೇಸು ಹಾಕಿಸಬೇಕಿತ್ತು, ಅವಳ ಮೇಲೆ ಅಲ್ಲ.

ಭಾಗಪ್ಪನ ಪಾಲಿನ ಸಾಲನ್ನು ಓದಿ ಹೇಳಿದ್ದೆ. ಇವತ್ತು ಸುಡದೆ ಉಳಿದ ಕಡಲೆಯಲ್ಲಿ ಒಂದು ಚೀಲ ಹಸನು ಮಾಡಿ, ಬಾಯಿ ಹೊಲಿದು, ಕಂಡಕ್ಟರನ ಕೈಗೆ ಕೊಟ್ಟಿದ್ದಾಳೆ. ಬೇಡ, ಪಾಲು ಕೊಟ್ಟರೆ ಅವನನ್ನು ಆಳು ಮಾಡಿದ ಹಾಗಾಗುತ್ತದೆ ಅಂದೆ. ಕೇಳಲಿಲ್ಲ. ಚೀಲ ಈ ಕಾಗದದ ಜೊತೆಗೇ ಬರುತ್ತದೆ. ಏನು ಬೇಕೋ ಮಾಡಿಕೋ.

ಸಿದ್ದರಾಯ


ವಿಜಯಪುರ
14 ಮೇ 2025

ಸಿದ್ದರಾಯ,

ವಿಮೆ ಅರ್ಜಿ ತಿರಸ್ಕಾರವಾಗಿದೆ. ನಿನ್ನೆ ಶಿವಾಜಿ ಮನೆಗೆ ಬಂದು ತಿಳಿಸಿದ. ಚಹಾ ಕೂಡ ಕುಡಿಯದೆ ಹೋದ. "ನಿಮ್ಮ ಕಾಲಿನ ಮ್ಯಾಲ ನೀವ ಕಲ್ಲ ಹಾಕ್ಕೊಂಡ್ರಿ ಸರ್" ಅಂದ.

ಕಾರಣ ನಿನಗೆ ಗೊತ್ತಿರಬೇಕು. ಏಪ್ರಿಲ್ ಮೊದಲ ವಾರ ನಾನು ಟಿಕೋಟಾ ಠಾಣೆಗೆ ಹೋಗಿ ಹೇಳಿಕೆ ಬದಲಿಸಿ ಬಂದೆ. ಬೋರವ್ವನ ಕಡಲೆಯನ್ನು ನಾನೇ, ನನ್ನ ಮನಸ್ಸಿನಿಂದ, ಕಾರಿನಲ್ಲಿ ಒಕ್ಕುತ್ತಿದ್ದೆ ಎಂದು ಬರೆಸಿದೆ. ಬರೆದುಕೊಂಡವರು ತಲೆಯೆತ್ತಿ ಒಮ್ಮೆ ನೋಡಿದರು. ನಗಲಿಲ್ಲ. ಮೊದಲು ಯಾಕೆ ಹೀಗೆ ಹೇಳಲಿಲ್ಲ ಎಂದು ಕೇಳಿದರು. ಹೆದರಿದ್ದೆ ಅಂದೆ. ಯಾವುದಕ್ಕೆ ಎಂದು ಅವರು ಕೇಳಲಿಲ್ಲ.

ಊರಿಗೆ ಬರಲಿಲ್ಲ. ಠಾಣೆಯಿಂದ ನೇರ ವಿಜಯಪುರದ ಬಸ್ಸು ಹತ್ತಿದೆ.

ಚೀಲವನ್ನು ವಾಪಸ್ಸು ಕಳಿಸಿದ್ದೆ, ಮುಟ್ಟಿರಬೇಕು. ಸಿಟ್ಟಿನಿಂದ ಕಳಿಸಿದೆ ಎಂದು ಅವ್ವನಿಗೆ ಹೇಳಬೇಡ. ಪಾಲು ತೆಗೆದುಕೊಂಡರೆ ನಾನು ಕೂಲಿಗೆ ಒಕ್ಕಿದವನಾಗುತ್ತೇನೆ. ನಾನು ಕೂಲಿಗೆ ಒಕ್ಕಲಿಲ್ಲ. ಅಜ್ಜನಿಗೂ ನನಗೂ ಇರುವ ವ್ಯತ್ಯಾಸ ಅದೊಂದೇ, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಸಿಟ್ಟು ಬೇರೆ ಕಡೆ ಇದೆ. ಸರ್ವಿಸ್ ಸೆಂಟರಿಗೆ ಹೋಗಿದ್ದೆ. ಆ ಮ್ಯಾನೇಜರ್ ಕಾರಿನ ಜೊತೆ ಕೊಡುವ ಪುಸ್ತಕ ತೆಗೆದು, ಇಂಗ್ಲಿಷಿನ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಮಸಿ ಸುಡುವಾಗ ಒಣಹುಲ್ಲಿನ ಮೇಲೆ ನಿಲ್ಲಿಸಬಾರದು ಎಂದಿದೆ. ನಾನು ನಿಲ್ಲಿಸಿರಲಿಲ್ಲವಲ್ಲ, ನೀವು ಹೇಳಿದ ಹಾಗೆ ಓಡಿಸುತ್ತಲೇ ಇದ್ದೆನಲ್ಲ ಎಂದು ಕೇಳಿದೆ. ಕಾರು ಇರುವುದು ರಸ್ತೆಯ ಮೇಲೆ ಓಡಿಸಲಿಕ್ಕೆ, ಕಡಲೆಯ ಮೇಲೆ ಅಲ್ಲ ಅಂದ. ನಾನು ಓಡಿಸಿದ್ದು ರಸ್ತೆಯ ಮೇಲೆಯೇ. ನಮ್ಮ ಕಡೆ ಜನವರಿಯಿಂದ ಮಾರ್ಚಿನ ತನಕ ಎಲ್ಲ ರಸ್ತೆಗಳ ಮೇಲೂ ಬೆಳೆ ಬಿದ್ದಿರುತ್ತದೆ. ಅದು ತಪ್ಪೇ ಇರಬಹುದು. ಆದರೆ ಇಲ್ಲಿ ಕಾರು ಮಾರುವವನಿಗೆ ಅದು ಕಾಣುವುದಿಲ್ಲವೇ? ಕಂಪ್ಯೂಟರ್ ಬದಲಿಸಿ ಮೊದಲಿಗಿಂತ ಹೆಚ್ಚು ಸಲ ಮಸಿ ಸುಡುವ ಹಾಗೆ ಮಾಡಿದರು. ಓಡಿಸುತ್ತಿರಿ ಅನ್ನುವುದನ್ನು ನಾಲ್ಕು ಸಲ ಬಾಯಿಂದ ಹೇಳಿದರು. ಕೆಳಗೆ ಬೆಂಕಿ ಇರುತ್ತದೆ ಅನ್ನುವುದನ್ನು ಮಾತ್ರ ಪುಸ್ತಕಕ್ಕೆ ಬಿಟ್ಟರು.

ಸುಟ್ಟ ಕಾರು ಅವರ ಅಂಗಳದಲ್ಲೇ ಇದೆ. ಬಾಗಿಲಿಲ್ಲದ, ಬಣ್ಣವಿಲ್ಲದ ಆ ತಗಡಿಗೆ ನಾನಿನ್ನೂ ಪ್ರತಿ ತಿಂಗಳು ಬ್ಯಾಂಕಿನ ಕಂತು ಕಟ್ಟುತ್ತಿದ್ದೇನೆ. ಹೊಗೆ ಮಾತ್ರ ಪೂರ್ತಿ ನಿಂತಿದೆ.

ವಕೀಲೆ ಮಿನಾಜ ಅವರ ಮೂಲಕ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದ್ದೇನೆ. ಅವತ್ತು ದೀಪ ಹತ್ತಿತ್ತು ಎಂಬುದಕ್ಕೆ ಸಾಕ್ಷಿ ಯಾರು ಎಂದು ಅವರು ಕೇಳಿದ್ದಾರೆ. ಕಾರಿನಲ್ಲಿ ಇದ್ದವರು ಇಬ್ಬರು. ನಾನು ಇನ್ನೊಬ್ಬರ ಹೆಸರು ಹೇಳಿಲ್ಲ. ಒಮ್ಮೆ ಅವಳ ಹೆಸರು ಹೇಳಿದ್ದು ಸಾಕು.

ಗೌತಮ


ಹೊನವಾಡ
29 ಜೂನ್ 2025

ಗೌತಮ,

ಅವ್ವನ ಮೇಲಿನ ದೂರನ್ನು ಠಾಣೆಯವರು ಮುಗಿಸಿದ್ದಾರೆ. ಶುಕ್ರವಾರ ಕರೆದು ತಿಳಿಸಿದರು. ಇನ್ನು ರಸ್ತೆಯ ಮೇಲೆ ರಾಶಿ ಮಾಡುವುದಿಲ್ಲ ಎಂದು ನನ್ನಿಂದ ಬರೆಸಿಕೊಂಡರು. ಸುಳ್ಳು ಹೇಳಿದ್ದಕ್ಕೆ ಅವ್ವನನ್ನು ಸ್ವಲ್ಪ ಗದರಿಸಿದರು. ಅವಳು ಅದಕ್ಕೂ ನಕ್ಕಳು.

ನಿನ್ನ ಹೇಳಿಕೆಯಿಂದ ಇದಾಯಿತು. ಅದಕ್ಕೆ ನಾನು ಉಪಕಾರ ಹೇಳುವುದಿಲ್ಲ. ನೀನೇ ಹಾಕಿದ ಗಂಟನ್ನು ನೀನೇ ಬಿಚ್ಚಿದೆ, ಅಷ್ಟೆ.

ಗುರುವಾರ ನಾನು ವಿಜಯಪುರಕ್ಕೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ. ಸರ್ವಿಸ್ ಸೆಂಟರಿಗೆ ಹೋಗಿದ್ದೆ. ಮೊದಲು ಅಂಗಳದಲ್ಲಿ ನಿನ್ನ ಕಾರು ನೋಡಿದೆ. ಮುಂದಿನ ಸೀಟಿನ ಜಾಗದಲ್ಲಿ ಸ್ಪ್ರಿಂಗು ಮಾತ್ರ ಇವೆ. ಅವ್ವ ಕೂತಿದ್ದದ್ದು ಅಲ್ಲಿ. ಬಹಳ ಹೊತ್ತು ನೋಡಲಾಗಲಿಲ್ಲ, ಒಳಗೆ ಹೋದೆ.

ಒಳಗೆ ಒಬ್ಬರು ನಿನ್ನದೇ ಮಾದರಿಯ ಕಾರು ತಂದು, ಹಳದಿ ದೀಪ ಹತ್ತುತ್ತದೆ ಎಂದು ಹೇಳುತ್ತಿದ್ದರು. ಮಮದಾಪುರದವರು. ಮ್ಯಾನೇಜರ್ ಫೋನಿನಿಂದ ಕಣ್ಣೆತ್ತದೆ ಹೇಳಿದ: "ದೀಪ ಹತ್ತಿದ್ರ ನಿಲ್ಲಿಸಬ್ಯಾಡ್ರಿ. ಆರೂತನಕ ಓಡಸ್ತಾನ ಇರ್ರಿ."

ನಿನ್ನ ಕಾರು ಅವನ ಕಿಟಕಿಯಿಂದ ಕಾಣುತ್ತದೆ, ಗೌತಮ. ಅದನ್ನು ದಿನಾ ನೋಡುತ್ತ ಕೂತವನು ಅದೇ ಮಾತನ್ನು ಹೇಳಿದ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಎದ್ದು ನಿಂತು, ಬೆಂಕಿಯ ಮಾತು ಯಾಕೆ ಹೇಳುವುದಿಲ್ಲ ಎಂದು ಕೇಳಿದೆ. "ನೀವ್ಯಾರ್ರಿ? ನಿಮ್ಮ ಗಾಡಿ ಯಾವುದು?" ಅಂದ. ನನ್ನದು ಗಾಡಿಯಲ್ಲ, ಕಡಲೆ ಅಂದೆ. ಹೊರಗೆ ಕಳಿಸಿದರು.

ಮಮದಾಪುರದವರನ್ನು ಗೇಟಿನಲ್ಲಿ ನಿಲ್ಲಿಸಿ, ನಿನ್ನ ಕಾರಿನ ಹತ್ತಿರ ಕರೆದೊಯ್ದು ಎಲ್ಲ ಹೇಳಿದೆ. ಅವರ ಮನೆಯ ಮುಂದೆ ಜೋಳದ ಒಣಗಿದ ಕಣಿಕೆಯ ಬಣವೆ ಇದೆಯಂತೆ. ದಿನಾ ಅದರ ಪಕ್ಕದಲ್ಲೇ ಕಾರು ನಿಲ್ಲಿಸುತ್ತಾರಂತೆ. ಬೇಕಾದರೆ ನಿಮ್ಮ ವಕೀಲರಿಗೆ ಈ ಮಾತು ಹೇಳುತ್ತೇನೆ ಎಂದು ಫೋನ್ ನಂಬರ್ ಬರೆದುಕೊಟ್ಟರು. ಹಿಂದಿನ ಪುಟದಲ್ಲಿದೆ. ಮಿನಾಜ ಅವರಿಗೆ ಕೊಡು.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಆದರೆ ಅದು ಮೊದಲಿನ ಜಾಗದಲ್ಲಿಲ್ಲ.

ಸಿದ್ದರಾಯ


ವಿಜಯಪುರ
22 ಆಗಸ್ಟ್ 2025

ಸಿದ್ದರಾಯ,

ಸರ್ವಿಸ್ ಸೆಂಟರಿನವರು ಆಯೋಗಕ್ಕೆ ಉತ್ತರ ಕೊಟ್ಟಿದ್ದಾರೆ. ಮಿನಾಜ ಅವರು ಇವತ್ತು ಓದಿ ಹೇಳಿದರು. ದೀಪ ಹತ್ತಿರಲೇ ಇಲ್ಲ, ದೂರುದಾರರು ಸ್ವಂತ ಕಾರನ್ನು ಒಕ್ಕಣೆ ಯಂತ್ರ ಮಾಡಿಕೊಂಡರು ಎಂದಿದ್ದಾರೆ. ಮಮದಾಪುರದವರ ಹೇಳಿಕೆಯಿಂದ ಸರ್ವಿಸ್ ಸೆಂಟರಿನ ರೂಢಿ ಗೊತ್ತಾಗುತ್ತದೆ, ಅವತ್ತಿನ ದೀಪ ಗೊತ್ತಾಗುವುದಿಲ್ಲ ಎಂದು ಮಿನಾಜ ಹೇಳುತ್ತಾರೆ.

ಕೇಳಬಾರದು ಎಂದು ಮೂರು ತಿಂಗಳು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಅವ್ವ ಬರುತ್ತಾಳೆಯೇ? ಬಂದರೆ ಅವರ ವಕೀಲರು ಅವಳನ್ನು ಬಿಡುವುದಿಲ್ಲ. ಠಾಣೆಯಲ್ಲಿ ಒಂದು ಹೇಳಿದ್ದೆ, ಇಲ್ಲಿ ಒಂದು ಹೇಳುತ್ತೀ ಅನ್ನುತ್ತಾರೆ. ಸುಳ್ಳುಗಾತಿ ಅನ್ನುತ್ತಾರೆ. ನನ್ನಿಂದಾಗಿಯೇ ಅವಳು ಆ ಮಾತು ಕೇಳಬೇಕಾಗುತ್ತದೆ.

ಬೇಡ ಅಂದರೆ ಬೇಡ ಎಂದು ಒಂದು ಸಾಲು ಬರೆ. ದೂರು ಹಿಂದೆ ತೆಗೆದುಕೊಳ್ಳುತ್ತೇನೆ.

ಗೌತಮ


ಹೊನವಾಡ
5 ಸೆಪ್ಟೆಂಬರ್ 2025

ಗೌತಮ,

ಅವ್ವ ಬರುತ್ತಾಳೆ. ನಿನ್ನ ಕಾಗದವನ್ನು ಈ ಸಲ ಒಂದಕ್ಷರ ಬಿಡದೆ ಓದಿ ಹೇಳಿದೆ. ಹಾಗೇ ಮಾರ್ಚಿನ ಕಾಗದದಲ್ಲಿ ಬಿಟ್ಟಿದ್ದ ಭಾಗವನ್ನೂ ಓದಿದೆ, ಭಾನುವಾರದ್ದನ್ನು. ಸಾಕ್ಷಿ ಹೇಳುವವಳಿಗೆ ಎಲ್ಲ ಗೊತ್ತಿರಬೇಕು.

ಭಾನುವಾರದ ಬಗ್ಗೆ ಅವಳು ಒಂದೇ ಮಾತು ಅಂದಳು: "ದೀಪ ಆರಸಾಕ ಬಂದಾಂವ, ಶೇಂಗಾ ಹೋಳಿಗಿ ನಾಕ ತಿಂದ ಹೋಗ್ತಿದ್ದನಲ್ಲ." ಆಮೇಲೆ ಒಳಗೆ ಹೋದಳು. ಆ ಸಂಜೆ ಊಟ ಮಾಡಲಿಲ್ಲ. ನಾನು ಇದನ್ನು ಸುದ್ದಿ ಎಂದೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರಲಿ.

ಮರುದಿನ ತಾನೇ ಬಂದು ಕೂತು, ಆಯೋಗದಲ್ಲಿ ಏನು ಹೇಳುತ್ತೇನೆ ಎಂದು ನನಗೆ ಹೇಳಿ ತೋರಿಸಿದಳು. ದೀಪ ಹತ್ತಿತ್ತು. ಗೌತಮ ನಮ್ಮ ಕಡಲೆ ಒಕ್ಕುತ್ತಿದ್ದ. ನಾನು ಮುಂದಿನ ಸೀಟಿನಲ್ಲಿ ಕೂತು ಹಾಡುತ್ತಿದ್ದೆ. ಪಾಲು ಕಳಿಸಿದ್ದೆ, ಅವನು ತೆಗೆದುಕೊಳ್ಳಲಿಲ್ಲ. ಸುಳ್ಳುಗಾತಿ ಅಂದರೆ ಏನು ಮಾಡುತ್ತೀ ಎಂದು ಕೇಳಿದೆ. "ಅನ್ಲಿ ಬಿಡು. ಒಂದ ಸಲ ಸುಳ್ಳ ಹೇಳಿ ನೋಡೀನಿ. ಯಾರಿಗೂ ಚೊಲೊ ಆಗ್ಲಿಲ್ಲ" ಅಂದಳು.

ನೀನು ವಾಪಸ್ಸು ಕಳಿಸಿದ ಚೀಲ ಬಾಯಿ ಬಿಚ್ಚದೆ ಮೂಲೆಯಲ್ಲಿದೆ. ಅದನ್ನು ಯಾರೂ ತಿನ್ನುವ ಹಾಗಿಲ್ಲ ಎಂದು ಅವ್ವ ಹೇಳಿದ್ದಾಳೆ. ಹುಳ ಬೀಳುತ್ತದೆ ಅಂದರೆ ಬೀಳಲಿ ಅನ್ನುತ್ತಾಳೆ. ಒಣದ್ರಾಕ್ಷಿ ಶೆಡ್ಡಿನ ಅರ್ಧ ತಗಡು ಕಳಚಿದ್ದೇನೆ. ಕೆಳಗೆ ಹಳೆಯ ಕಣದ ನೆಲ ಗಟ್ಟಿಯಾಗಿಯೇ ಇದೆ. ನಡುವೆ ಮೇಟಿಕಂಬ ನೆಡುತ್ತಿದ್ದ ಕುಣಿಯೂ ಸಿಕ್ಕಿತು. ನಿಮ್ಮ ಅಜ್ಜ ಸುತ್ತಿದ್ದು ಅದರ ಸುತ್ತಲೇ. ಈ ಸಲ ರಾಶಿ ಮಾಡಲು ಯಂತ್ರ ಕರೆಸುತ್ತೇನೆ. ಯಾರೂ ಸುತ್ತುವುದು ಬೇಡ.

ಈಗ ನಿನಗೆ ಕಾರಿಲ್ಲ. ಆರಿಸಬೇಕಾದ ದೀಪವೂ ಇಲ್ಲ. ಭಾನುವಾರ ಹೊನವಾಡಕ್ಕೆ ಬಸ್ಸು ಇರುತ್ತದೆ. ಇದನ್ನು ನಾನು ಕರೆಯುತ್ತಿದ್ದೇನೆ ಎಂದು ತಿಳಿಯಬೇಡ. ಇದ್ದದ್ದನ್ನು ಹೇಳಿದೆ.

ಆಯೋಗದಲ್ಲಿ ಬೋರವ್ವನ ಸಾಕ್ಷಿ ಸೆಪ್ಟೆಂಬರ್ 17, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಸಿದ್ದರಾಯ